ಕಿತ್ತಳೆ ಮುಚ್ಚಳದ ಸಿರಿಂಜು

ಬಲಿಪಾಡ್ಯಮಿ ಕಳೆದ ಮೂರನೆಯ ರಾತ್ರಿ. ಹನ್ನೊಂದೂ ಮುಕ್ಕಾಲರ ಹೊತ್ತಿಗೆ 108 ಆಂಬುಲೆನ್ಸ್ ಬಂದು ನಿಂತಿತು. ಸ್ಟ್ರೆಚರ್ ಬಾಗಿಲು ದಾಟುವ ಮೊದಲೇ ನನಗೆ ಆ ಉಸಿರಿನ ಸದ್ದು ಕೇಳಿಸಿತು. ಓಡಿ ಬಂದವರ ಏದುಸಿರಲ್ಲ, ದಮ್ಮಿನವರ ಸಿಳ್ಳೆಯೂ ಅಲ್ಲ. ಆಳಕ್ಕೆ ಇಳಿದು ಆಳದಿಂದಲೇ ಮೇಲೇಳುವ, ಕುಲುಮೆಯ ತಿದಿಯಂಥ ಉಸಿರು. ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್ 1874ರಲ್ಲಿ ವಿವರಿಸಿದ ಉಸಿರಾಟ ಇದು. ನರ್ಸಿಂಗ್ ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಒಮ್ಮೆ ಕಿವಿಯಾರೆ ಕೇಳಿದ ಮೇಲೆ ಅದು ಮರೆಯುವುದಿಲ್ಲ.

ಹುಡುಗಿಗೆ 14 ವರ್ಷ, ತೂಕ 36 ಕೆ.ಜಿ. ಕಣ್ಣು ಗುಳಿಬಿದ್ದಿದ್ದವು, ನಾಲಿಗೆ ಒಣಗಿದ ತೊಗಟೆಯಂತಿತ್ತು. ಮುಖದ ಹತ್ತಿರ ಬಾಗಿದರೆ ಉಗುರಿನ ಬಣ್ಣ ಅಳಿಸುವ ದ್ರವದ ವಾಸನೆ, ಅದರೊಳಗೆ ಅತಿಯಾಗಿ ಮಾಗಿದ ಹಣ್ಣಿನ ವಾಸನೆ. ಎರಡು ದಿನದಿಂದ ವಾಂತಿ, ಹೊಟ್ಟೆನೋವು. ಊರಿನಲ್ಲಿ ಹೊಟ್ಟೆನೋವಿಗೆ ಚುಚ್ಚುಮದ್ದು ಹಾಕಿಸಿದ್ದರು. ಜೊತೆಗೆ ಬಂದಿದ್ದ ಸೋದರಮಾವ ಬಾಗಿಲಲ್ಲೇ ನಿಂತು ಹೇಳಿದರು: "ಸಕ್ಕರೆ ಕಾಯಿಲೆ ಇದೆ ಸಿಸ್ಟರ್. ಹಬ್ಬದಲ್ಲಿ ಹೋಳಿಗೆ ತಿನ್ನಬೇಡ ಎಂದರೂ ಕೇಳಲಿಲ್ಲ. ಈಗ ಅನುಭವಿಸುತ್ತಿದ್ದಾಳೆ." ಅಮ್ಮ ಏನೂ ಮಾತನಾಡಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಮಗಳ ಕಾಲಿನ ಹತ್ತಿರ ನಿಂತಿದ್ದರು. ಮೆಕ್ಕೆಜೋಳದ ಒಕ್ಕಣೆಗೆ ಕೂಲಿಗೆ ಹೋಗಿದ್ದವರು ಹಾಗೆಯೇ ಹೊರಟು ಬಂದಿದ್ದರು. ಕೂದಲಲ್ಲಿ ಇನ್ನೂ ಹೊಟ್ಟು ಇತ್ತು.

ಗ್ಲುಕೋಮೀಟರಿಗೆ ಹನಿ ರಕ್ತ ತಾಗಿಸಿದರೆ ಅಂಕಿಯೇ ಬರಲಿಲ್ಲ, 'ಹೈ' ಎಂದು ತೋರಿಸಿತು. 600 ದಾಟಿದರೆ ನಮ್ಮ ಮೀಟರ್ ಎಣಿಸುವುದಿಲ್ಲ. ಆಮೇಲೆ ಪ್ರಯೋಗಾಲಯದಿಂದ ಬಂದ ಅಂಕಿ 612. ಮೂತ್ರದಲ್ಲಿ ಕೀಟೋನ್ ತುಂಬಿತ್ತು, ರಕ್ತ ಆಮ್ಲವಾಗಿತ್ತು. ವೈದ್ಯರು ಕೇಸ್ ಶೀಟಿನಲ್ಲಿ ಡಿಕೆಎ, ಅಂದರೆ ಡಯಾಬಿಟಿಕ್ ಕೀಟೋಅಸಿಡೋಸಿಸ್, ಎಂದು ಬರೆದರು. ದೇಹದಲ್ಲಿ ಇನ್ಸುಲಿನ್ ಇಲ್ಲವಾದಾಗ ರಕ್ತದಲ್ಲಿ ಸಕ್ಕರೆ ಎಷ್ಟಿದ್ದರೂ ಜೀವಕೋಶಗಳಿಗೆ ಸಿಗುವುದಿಲ್ಲ. ಕಣಜದ ಬಾಗಿಲಿಗೆ ಬೀಗ ಬಿದ್ದಂತೆ. ಆಗ ದೇಹ ತನ್ನ ಕೊಬ್ಬನ್ನೇ ಉರಿಸಿಕೊಳ್ಳುತ್ತದೆ. ಆ ಉರಿಯ ಹೊಗೆಯೇ ಕೀಟೋನ್. ರಕ್ತದಲ್ಲಿ ಸೇರಿದ ಹುಳಿಯನ್ನು ಹೊರಹಾಕಲು ಶ್ವಾಸಕೋಶ ಆ ರೀತಿ ತಿದಿ ಒತ್ತುತ್ತದೆ.

ಇಂಥ ರೋಗಿ ಬಂದಾಗ ಹೊಸದಾಗಿ ಸೇರಿದ ಹುಡುಗಿಯರು ಮೊದಲು ಇನ್ಸುಲಿನ್ ಕಡೆಗೆ ಓಡುತ್ತಾರೆ. ನಾನೂ ಓಡಿದವಳೇ. ಆದರೆ ಮೊದಲು ನೀರು. ಎರಡು ಕೈಗೂ ಕ್ಯಾನುಲಾ ಹಾಕಿದೆವು. ಒಂದರಲ್ಲಿ ಮೊದಲ ಗಂಟೆಗೆ 360 ಮಿಲಿಲೀಟರ್ ನಾರ್ಮಲ್ ಸಲೈನ್, ಕೆ.ಜಿ.ಗೆ ಹತ್ತರಂತೆ. ಇನ್ನೊಂದು ಕೈ ಗಂಟೆಗಂಟೆಯ ರಕ್ತಪರೀಕ್ಷೆಗೆ. ಮಕ್ಕಳಲ್ಲಿ ಇನ್ಸುಲಿನ್ ಶುರುವಾಗುವುದು ಕನಿಷ್ಠ ಒಂದು ಗಂಟೆ ನೀರು ಹೋದ ಮೇಲೆ, ಅದೂ ಪೊಟ್ಯಾಸಿಯಂ ಎಷ್ಟಿದೆ ಎಂದು ತಿಳಿದ ಮೇಲೆ. ಇನ್ಸುಲಿನ್ ಸಕ್ಕರೆಯನ್ನು ಜೀವಕೋಶದೊಳಗೆ ತಳ್ಳುವಾಗ ಪೊಟ್ಯಾಸಿಯಮ್ಮನ್ನೂ ಎಳೆದುಕೊಂಡು ಹೋಗುತ್ತದೆ. ರಕ್ತದಲ್ಲಿ ಅದು ಮೊದಲೇ ಕಡಿಮೆ ಇದ್ದರೆ ಹೃದಯದ ಲಯವೇ ತಪ್ಪಬಹುದು. ಇವಳದು 4.0 ಇತ್ತು, ಮೂತ್ರವೂ ಹೋಗುತ್ತಿತ್ತು. ಹಾಗಾಗಿ ಡ್ರಿಪ್ಪಿಗೆ ಪೊಟ್ಯಾಸಿಯಂ ಸೇರಿಸಿಕೊಂಡೇ ಮುಂದುವರಿಯಲು ವೈದ್ಯರು ಹೇಳಿದರು.

ಸಿರಿಂಜ್ ಪಂಪಿಗೆ 50 ಮಿಲಿಲೀಟರ್ ಸಲೈನಿನಲ್ಲಿ 50 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಬೆರೆಸಿದೆ. ಅದನ್ನು ಕೊಳವೆಗೆ ತುಂಬಿ, ಮೊದಲ ಇಪ್ಪತ್ತು ಮಿಲಿಲೀಟರನ್ನು ಚೆಲ್ಲಿದೆ. ಅಮ್ಮ ನೋಡುತ್ತಿದ್ದರು. ಔಷಧಿಯನ್ನು ಚೆಲ್ಲುವುದು ಕಂಡು ಅವರ ಮುಖದಲ್ಲಿ ಸಂಕಟವಾಯಿತು. "ಇನ್ಸುಲಿನ್ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ ಅಮ್ಮಾ. ಕೊಳವೆ ಕುಡಿದು ತಣಿದ ಮೇಲೆಯೇ ಮಗಳಿಗೆ ಸರಿಯಾಗಿ ಸಿಗುವುದು" ಎಂದೆ. ರಾತ್ರಿ ಒಂದು ಗಂಟೆಗೆ ಪಂಪ್ ಶುರುಮಾಡಿದೆ, ಗಂಟೆಗೆ 3.6 ಯೂನಿಟ್.

ಆಮೇಲೆ ಚಾರ್ಟು. ಇದನ್ನು ಓದುವವರಿಗೆ ಶುಶ್ರೂಷೆ ಎಂದರೆ ಏನೆಂದು ತೋರುತ್ತದೋ ತಿಳಿಯದು. ಅಂಥ ರಾತ್ರಿಯಲ್ಲಿ ನನಗೆ ಅದು ಒಂದು ಹಾಳೆ, ಒಂದು ಗಡಿಯಾರ ಮತ್ತು ಒಂದು ಮುಖ. ಎರಡು ಗಂಟೆಗೆ 480. ಮೂರಕ್ಕೆ 415. ನಾಲ್ಕಕ್ಕೆ 352. ಗಂಟೆಗೆ ಐವತ್ತರಿಂದ ಎಪ್ಪತ್ತೈದು ಇಳಿದರೆ ನೆಮ್ಮದಿ. ಬೇಗ ಇಳಿದರೆ ಹೆಮ್ಮೆಪಡುವಂತಿಲ್ಲ, ಹೆದರಬೇಕು. ಮಕ್ಕಳಲ್ಲಿ ಈ ಚಿಕಿತ್ಸೆಯ ನಡುವೆ ಮೆದುಳು ಬಾತುಕೊಳ್ಳುವ ಅಪಾಯವಿದೆ. ಅಪರೂಪ, ಆದರೆ ಬಂದರೆ ಮಗುವಿನ ಜೀವಕ್ಕೇ ಕುತ್ತು. ಅದು ಬರುವ ಮುನ್ನ ಸಣ್ಣ ಸುಳಿವು ಕೊಡುತ್ತದೆ: ತಲೆನೋವು, ಮಂಕು, ಇದ್ದಕ್ಕಿದ್ದಂತೆ ನಿಧಾನವಾಗುವ ನಾಡಿ. ಆ ಸುಳಿವು ಯಂತ್ರಕ್ಕಿಂತ ಮೊದಲು ಪಕ್ಕದಲ್ಲಿ ನಿಂತವರಿಗೆ ಸಿಗುತ್ತದೆ. ಹಾಗಾಗಿ ಗಂಟೆಗೊಮ್ಮೆ ಅವಳನ್ನು ಎಬ್ಬಿಸಿ ಕೇಳುತ್ತಿದ್ದೆ, "ಹೆಸರೇನು ಪುಟ್ಟಿ? ಎಷ್ಟನೇ ತರಗತಿ? ನಿಮ್ಮ ಊರಿನ ಜಾತ್ರೆ ಯಾವಾಗ?"

ಮೂರು ಗಂಟೆಯ ಹೊತ್ತಿಗೆ ಪೊಟ್ಯಾಸಿಯಂ 3.3ಕ್ಕೆ ಇಳಿಯಿತು. ವೈದ್ಯರಿಗೆ ತಿಳಿಸಿ ಡ್ರಿಪ್ಪಿನಲ್ಲಿ ಪ್ರಮಾಣ ಹೆಚ್ಚಿಸಿದೆವು. ನಾಲ್ಕೂವರೆಗೆ ಹುಡುಗಿ "ತಲೆ ನೋಯುತ್ತಿದೆ" ಎಂದಳು. ನನ್ನ ಕೈ ತಣ್ಣಗಾಯಿತು. ತಲೆಯ ಕಡೆ ಮಂಚ ಮೂವತ್ತು ಡಿಗ್ರಿ ಎತ್ತರಿಸಿ, ಡ್ಯೂಟಿ ಡಾಕ್ಟರನ್ನು ಎಬ್ಬಿಸಿ, ಮೆದುಳಿನ ಬಾವು ಇಳಿಸುವ ಮ್ಯಾನಿಟಾಲ್ ಬಾಟಲಿಯನ್ನು ಟ್ರೇಯಲ್ಲಿ ಸಿದ್ಧವಾಗಿಟ್ಟೆ. ಕಣ್ಣಿನ ಪಾಪೆ ಎರಡೂ ಸಮವಾಗಿದ್ದವು. ನಾಡಿ 112. ಹೆಸರು ಹೇಳಿದಳು, ಒಂಬತ್ತನೇ ತರಗತಿ ಎಂದಳು. ಜಾತ್ರೆಯ ಮಾತಿಗೆ ಉತ್ತರ ಕೊಡದೆ ನನ್ನ ಕೈ ಹಿಡಿದು, "ಸಿಸ್ಟರ್, ನಾನು ತಿಂದಿದ್ದು ಒಂದೇ ಹೋಳಿಗೆ" ಎಂದಳು.

ಆ ಮಾತು ನನ್ನೊಳಗೆ ಹೇಗೆ ಇಳಿಯಿತೆಂದು ಹೇಳಲಾರೆ. ಸಾವಿನ ಹತ್ತಿರಕ್ಕೆ ಹೋಗಿ ಬರುತ್ತಿದ್ದ ಮಗು, ಬಾಯಿ ತೇವವಾದ ಕೂಡಲೇ ಹೇಳಿದ ಮಾತು ತನ್ನ ಸಮರ್ಥನೆಯದ್ದು. ಬಾಯಿಗೆ ಏನೂ ಕೊಡುವಂತಿರಲಿಲ್ಲ. ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿದ್ದೆ. ನೀರು ಎಂದು ಕೇಳಿ ಕೇಳಿ ಸಾಕಾಗಿ, ಕೊನೆಗೆ ಕೇಳಿದ್ದು ಕ್ಷಮೆಯಂತಿತ್ತು. "ಒಂದು ಹೋಳಿಗೆಗೆ ಹೀಗಾಗುವುದಿಲ್ಲ ಪುಟ್ಟಿ" ಎಂದೆ. ನನಗೆ ಅದು ಗೊತ್ತಿತ್ತು. ಆದರೆ ಹಾಗಾದರೆ ಯಾವುದರಿಂದ ಆಯಿತು ಎಂಬುದು ಆಗ ಗೊತ್ತಿರಲಿಲ್ಲ.

ತಲೆನೋವು ಅರ್ಧ ಗಂಟೆಯಲ್ಲಿ ತಾನಾಗಿ ಇಳಿಯಿತು. ಐದು ಗಂಟೆಗೆ ಸಕ್ಕರೆ 284. ಮುನ್ನೂರರ ಕೆಳಗೆ ಬಂದಿದ್ದರಿಂದ ಡ್ರಿಪ್ಪಿಗೆ ಡೆಕ್ಸ್‌ಟ್ರೋಸ್ ಸೇರಿಸಿದೆವು. ಬಾಟಲಿ ನೋಡಿ ಅಮ್ಮ ಮೊದಲ ಬಾರಿಗೆ ದನಿ ಎತ್ತಿದರು: "ಸಕ್ಕರೆ ಕಾಯಿಲೆಯವಳಿಗೆ ಗ್ಲೂಕೋಸ್ ಹಾಕುತ್ತೀರಾ?" ಅವರ ಪ್ರಶ್ನೆ ನ್ಯಾಯವಾದದ್ದು. ಇಷ್ಟು ತಿಂಗಳು ಆ ಒಂದು ಪದಾರ್ಥಕ್ಕೆ ಹೆದರಿ ಬದುಕಿದ ಮನೆ ಅದು. ಕೂರಿಸಿ ಹೇಳಿದೆ: ಸಕ್ಕರೆ ಇಳಿದರೂ ರಕ್ತದ ಹುಳಿ ಇನ್ನೂ ಹೋಗಿಲ್ಲ. ಅದು ಹೋಗಬೇಕಾದರೆ ಇನ್ಸುಲಿನ್ ನಿಲ್ಲಿಸುವಂತಿಲ್ಲ. ಇನ್ಸುಲಿನ್ ನಡೆಯುತ್ತಿರಬೇಕಾದರೆ ಸಕ್ಕರೆ ತೀರಾ ಕೆಳಗೆ ಬೀಳದಂತೆ ಕಾಯಬೇಕು. ಅದಕ್ಕೆ ಈ ಬಾಟಲಿ. ಅವರು ತಲೆಯಾಡಿಸಿದರು. ಬೆಳಕು ಹರಿಯುವ ಹೊತ್ತಿಗೆ ಆ ತಿದಿಯ ಸದ್ದು ನಿಂತಿತ್ತು. ಹುಡುಗಿ ಮಾಮೂಲಿನಂತೆ ಉಸಿರಾಡುತ್ತ ನಿದ್ದೆಹೋಗಿದ್ದಳು.

ಹಗಲಿನವರಿಗೆ ಹ್ಯಾಂಡ್‌ಓವರ್ ಕೊಡುವಾಗ ಒಂದು ಮಾತನ್ನು ಎರಡು ಬಾರಿ ಹೇಳಿದೆ: ಚರ್ಮದಡಿಯ ಇನ್ಸುಲಿನ್ ಕೊಟ್ಟು ಒಂದು ಗಂಟೆಯಾದರೂ ಕಳೆಯದೆ ಪಂಪ್ ನಿಲ್ಲಿಸಬೇಡಿ. ರಕ್ತನಾಳಕ್ಕೆ ಹೋದ ಇನ್ಸುಲಿನ್ ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತದೆ. ಚರ್ಮದಡಿಯದ್ದು ಕೆಲಸ ಶುರುಮಾಡಲು ಹೊತ್ತು ಬೇಕು. ನಡುವೆ ಖಾಲಿ ಬಿಟ್ಟರೆ ಕೀಟೋನ್ ಮತ್ತೆ ಏಳುತ್ತದೆ. ಹಾಗಾಗಿ ಉಣ್ಣಲು ಶುರುಮಾಡಿದ ಮೇಲೆಯೇ ಆ ಬದಲಾವಣೆ. ಮರುರಾತ್ರಿ ನಾನು ಬಂದಾಗ ಪಂಪ್ ಬಿಚ್ಚಿದ್ದರು. ಹುಡುಗಿ ಮಜ್ಜಿಗೆ ಅನ್ನ ತಿಂದು ಗೋಡೆಗೆ ಒರಗಿ ಕೂತಿದ್ದಳು.

ಅಂದು ರಾತ್ರಿ ಸ್ವಲ್ಪ ಬಿಡುವು ಸಿಕ್ಕಿದಾಗ ಅವಳ ಹಳೆಯ ಕಡತ ತೆಗೆದೆ. ಎಂಟು ತಿಂಗಳ ಹಿಂದೆ, ಟೈಪ್ 1 ಡಯಾಬಿಟಿಸ್ ಎಂದು ಮೊದಲ ಬಾರಿ ಗೊತ್ತಾದಾಗ, ಇದೇ ಆಸ್ಪತ್ರೆಯಲ್ಲಿ ದಾಖಲಾಗಿದ್ದಳು. ಬಿಡುಗಡೆಯ ಹಾಳೆಯ ಕೊನೆಯಲ್ಲಿ 'ಇನ್ಸುಲಿನ್ ಬಗ್ಗೆ ತಿಳಿಹೇಳಲಾಗಿದೆ' ಎಂದು ಬರೆದಿತ್ತು. ಕೆಳಗೆ ಸಹಿ. ಅದು ನನ್ನ ಅಕ್ಷರ, ನನ್ನ ಸಹಿ.

ಆ ದಿನ ನೆನಪಿಗೆ ಬರಲೇ ಇಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು. ಬೇಸಿಗೆಯ ವಾರ್ಡು, ಮಂಚಕ್ಕೆ ಇಬ್ಬರು, ಬಿಡುಗಡೆಯವರ ಸಾಲು. ನಾನು ಹೇಳಿರುತ್ತೇನೆ, ಅವರು ತಲೆಯಾಡಿಸಿರುತ್ತಾರೆ, ನಾನು ಸಹಿ ಹಾಕಿರುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಡ್ಯೂಟಿ ಮುಗಿದರೂ ಮನೆಗೆ ಹೋಗಲಿಲ್ಲ. ಅಮ್ಮನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು, "ಮನೆಯಲ್ಲಿ ಸೂಜಿ ಹೇಗೆ ಕೊಡುತ್ತೀರಿ ಅಮ್ಮಾ, ಒಮ್ಮೆ ತೋರಿಸಿ" ಎಂದೆ. ಹೇಳಿ ಎನ್ನಲಿಲ್ಲ. ಅವರು ಬಟ್ಟೆ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದರು. ಕೈ ತೊಳೆದು ಬಂದರು. ಹಾಲಿನಂತೆ ಮಸುಕಾದ ಇನ್ಸುಲಿನ್ ಬಾಟಲಿಯನ್ನು ಎರಡು ಅಂಗೈ ನಡುವೆ ಹೊರಳಿಸಿದರು, ಕುಲುಕಲಿಲ್ಲ. ಎಷ್ಟು ಶ್ರದ್ಧೆಯ ಕೈ ಎಂದುಕೊಂಡೆ. ಆಮೇಲೆ ಸಿರಿಂಜ್ ತೆಗೆದು ಮುಚ್ಚಳ ಬಿಚ್ಚಿದರು. ಕಿತ್ತಳೆ ಬಣ್ಣದ ಮುಚ್ಚಳ.

ಬಾಟಲಿಯನ್ನು ಕೈಗೆ ತೆಗೆದುಕೊಂಡು ನೋಡಿದೆ. ಒಂದು ಮಿಲಿಲೀಟರಿಗೆ 40 ಯೂನಿಟ್. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಹೀಗೆಯೇ ಬರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಮುಚ್ಚಳದ್ದು ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ. ಎರಡೂ ನೋಡಲು ಒಂದೇ ಗಾತ್ರ, ಎರಡರ ಮೈಮೇಲೂ ಗೆರೆಗಳು, ಅಂಕಿಗಳು. ಅಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದು, ಗುಳ್ಳೆ ತಟ್ಟಿ, ಸರಿಯಾಗಿ 20ರ ಗೆರೆಗೆ ಎಳೆದರು. ಒಂದು ಕೂದಲೆಳೆ ಆಚೀಚೆ ಇರಲಿಲ್ಲ. ಆದರೆ ಆ ಸಿರಿಂಜಿನಲ್ಲಿ 20ರ ಗೆರೆ ಎಂದರೆ 0.2 ಮಿಲಿಲೀಟರ್. ಅಷ್ಟರಲ್ಲಿ ಇದ್ದದ್ದು ಬರೀ 8 ಯೂನಿಟ್.

"ಈ ಸಿರಿಂಜ್ ಯಾವಾಗಿನಿಂದ?" ಎಂದು ಕೇಳಿದೆ. ಇಲ್ಲಿಂದ ಕೊಟ್ಟ ಕೆಂಪು ಮುಚ್ಚಳದವು ದಸರೆಗೆ ಮುಂಚೆ ಮುಗಿದಿದ್ದವಂತೆ. ಔಷಧಿ ಅಂಗಡಿಯಲ್ಲಿ ಇನ್ಸುಲಿನ್ ಸಿರಿಂಜ್ ಕೇಳಿದಾಗ ಇದನ್ನು ಕೊಟ್ಟರು. ಬಣ್ಣ ಬೇರೆ ಇದೆಯಲ್ಲ ಎಂದು ಅಮ್ಮ ಕೇಳಿಯೂ ಇದ್ದರು. "ಎಲ್ಲ ಒಂದೇ" ಎಂಬ ಉತ್ತರ ಬಂದಿತ್ತು. ಬೆಳಿಗ್ಗೆ 20, ಸಂಜೆ 12 ಕೊಡಬೇಕಾದ ಮಗುವಿಗೆ ಬೆಳಿಗ್ಗೆ 8, ಸಂಜೆ ಐದಕ್ಕೂ ಕಡಿಮೆ ಹೋಗುತ್ತಿತ್ತು. ಸಕ್ಕರೆ ಏರುತ್ತಿರುವುದು ಕಂಡು ಊರಿನ ಹತ್ತಿರದ ವೈದ್ಯರೊಬ್ಬರು ಬೆಳಗಿನದನ್ನು 26ಕ್ಕೆ ಏರಿಸಿದ್ದರು. ಆದರೂ ಹೋಗುತ್ತಿದ್ದದ್ದು ಹತ್ತೂವರೆಯಷ್ಟು. ಹಬ್ಬದ ಮರುದಿನ ವಾಂತಿ ಶುರುವಾಯಿತು. ಮಗಳು ಏನೂ ತಿನ್ನುತ್ತಿಲ್ಲ, ಸೂಜಿ ಕೊಟ್ಟರೆ ಸಕ್ಕರೆ ಇಳಿದುಬಿಟ್ಟೀತು ಎಂದು ಹೆದರಿ ಅಮ್ಮ ಆ ಎರಡು ದಿನ ಇನ್ಸುಲಿನ್ ನಿಲ್ಲಿಸಿದ್ದರು. ಕಾಯಿಲೆ ಬಿದ್ದಾಗ ದೇಹಕ್ಕೆ ಇನ್ಸುಲಿನ್ ಹೆಚ್ಚೇ ಬೇಕಾಗುತ್ತದೆ, ಊಟ ಬಿಟ್ಟರೂ ಅದನ್ನು ಪೂರ್ತಿ ಬಿಡುವಂತಿಲ್ಲ ಎಂದು ಅವರಿಗೆ ಯಾರೂ ಮನಮುಟ್ಟುವಂತೆ ಹೇಳಿರಲಿಲ್ಲ. ಹೇಳಿದ್ದೇನೆಂದು ನಾನು ಸಹಿ ಹಾಕಿದ್ದೆ.

ಲೆಕ್ಕವನ್ನು ಕಾಗದದ ಮೇಲೆ ಬರೆದು ವೈದ್ಯರಿಗೆ ತೋರಿಸಿದೆ. ಅವರು ಬಹಳ ಹೊತ್ತು ಆ ಕಾಗದವನ್ನೇ ನೋಡಿದರು. ಅವರ ಕೈಯಲ್ಲಿದ್ದ ಬಿಡುಗಡೆಯ ಹಾಳೆಯಲ್ಲಿ ಬೆಳಗಿನ ಪ್ರಮಾಣ ಇನ್ನೂ 26 ಎಂದೇ ಇತ್ತು, ಊರಿನ ಚೀಟಿ ನೋಡಿ ಬರೆದದ್ದು. ಸಿರಿಂಜನ್ನಷ್ಟೇ ಬದಲಾಯಿಸಿ ಆ 26ನ್ನು ಹಾಗೆಯೇ ಬಿಟ್ಟಿದ್ದರೆ, ಈವರೆಗೆ ಹತ್ತೂವರೆ ಹೋಗುತ್ತಿದ್ದಲ್ಲಿ ನಿಜವಾಗಿಯೂ 26 ಹೋಗುತ್ತಿತ್ತು. ಶಾಲೆಯ ದಾರಿಯಲ್ಲಿ ಸಕ್ಕರೆ ಇಳಿದು ಬಿದ್ದಿದ್ದರೆ ಮತ್ತೆ ಯಾರ ಮೇಲೆ ತಪ್ಪು ಹೊರಿಸುತ್ತಿದ್ದೆವೋ! ವೈದ್ಯರು ಅದನ್ನು ಹೊಡೆದುಹಾಕಿ ಕಡಿಮೆ ಪ್ರಮಾಣದಿಂದ ಶುರುಮಾಡಿ, ಇನ್ನೂ ಎರಡು ದಿನ ಉಳಿಸಿಕೊಂಡರು.

ಆ ಎರಡು ದಿನಗಳಲ್ಲಿ ಇನ್ನೊಂದು ವಿಷಯವೂ ಸಿಕ್ಕಿತು. ಹುಡುಗಿಯ ಎಡತೋಳು ಸವರಿ ನೋಡಿದರೆ ಬೆರಳಿಗೆ ಮೆತ್ತನೆಯ ಗಂಟು ಸಿಗುತ್ತಿತ್ತು. ದಿನವೂ ಅಲ್ಲೇ ಚುಚ್ಚುತ್ತಿದ್ದರು, ಏಕೆಂದರೆ ಅಲ್ಲಿ ನೋವಾಗುವುದಿಲ್ಲ. ನೋವಾಗದ ಆ ಗಂಟು ಇನ್ಸುಲಿನನ್ನು ಸರಿಯಾಗಿ ಹೀರುವುದಿಲ್ಲ. ಹೊಟ್ಟೆಯ ಮೇಲೆ, ತೊಡೆಯ ಮೇಲೆ ಜಾಗ ಬದಲಿಸುತ್ತ ಹೋಗುವುದನ್ನು ಹುಡುಗಿಗೇ ಕಲಿಸಿದೆ. ಹೊಕ್ಕುಳಿನ ಸುತ್ತ ಎರಡು ಬೆರಳು ಬಿಟ್ಟು, ಪ್ರತಿ ಸಲ ಒಂದು ಬೆರಳಿನಷ್ಟು ಸರಿದು. ಮೊದಲ ಬಾರಿ ತಾನೇ ಚುಚ್ಚಿಕೊಂಡಾಗ ಕಣ್ಣು ಮುಚ್ಚಿದಳು. "ಕಣ್ಣು ಬಿಟ್ಟುಕೊಂಡು" ಎಂದೆ. ಎರಡನೆಯ ಬಾರಿ ಬಿಟ್ಟುಕೊಂಡೇ ಚುಚ್ಚಿಕೊಂಡಳು.

ಅವಳಿಗೆ ನಾನು ಲಿಯೊನಾರ್ಡ್ ಥಾಂಪ್ಸನ್‌ನ ಕಥೆ ಹೇಳಿದೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಪಡೆದ ಮೊದಲ ರೋಗಿ ಅವನು. ಅವನಿಗೂ 14 ವರ್ಷ. ಅದಕ್ಕೆ ಮುಂಚೆ ಈ ಕಾಯಿಲೆಯ ಮಕ್ಕಳನ್ನು ಉಪವಾಸ ಕೆಡವಿ ಕೆಲವು ತಿಂಗಳು ಉಳಿಸಿಕೊಳ್ಳುವುದಷ್ಟೇ ವೈದ್ಯರ ಕೈಲಿತ್ತು. ಮೊದಲ ಸೂಜಿ ಅವನಿಗೆ ಸರಿಯಾಗಿ ಒಗ್ಗಲಿಲ್ಲ, ಔಷಧಿ ಶುದ್ಧವಾಗಿರಲಿಲ್ಲ. ಹನ್ನೆರಡು ದಿನಗಳ ನಂತರ ಶುದ್ಧ ಮಾಡಿದ್ದನ್ನು ಕೊಟ್ಟಾಗ ಚೇತರಿಸಿಕೊಂಡ. "ಅವನಿಗೂ ಹೋಳಿಗೆ ತಿಂದು ಕಾಯಿಲೆ ಬಂದಿತ್ತಾ?" ಎಂದು ಕೇಳಿದಳು. ನಾನು ಸೋದರಮಾವನನ್ನು ಕರೆದೆ. ಅವಳ ಎದುರಿಗೇ ಎರಡೂ ಸಿರಿಂಜುಗಳನ್ನು ಮೇಜಿನ ಮೇಲಿಟ್ಟು, ಒಂದೊಂದರಲ್ಲೂ 20ರ ಗೆರೆಗೆ ಬಣ್ಣದ ನೀರು ಎಳೆದು, ಎರಡು ಪುಟ್ಟ ಬಟ್ಟಲುಗಳಿಗೆ ಹಾಕಿ ತೋರಿಸಿದೆ. ಒಂದರಲ್ಲಿ ಬಟ್ಟಲಿನ ತಳ ಒದ್ದೆಯಾಯಿತು. ಇನ್ನೊಂದರಲ್ಲಿ ನೀರು ನಿಂತಿತು. ಅವರು ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಸೊಸೆಯ ತಲೆಯ ಮೇಲೆ ಕೈಯಿಟ್ಟು ಹೊರಗೆ ಹೋದರು. ಹುಡುಗಿ ಅತ್ತಳು. ನಾನು ತಡೆಯಲಿಲ್ಲ.

ಅಮ್ಮನಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಬಾಟಲಿಯ ಕುತ್ತಿಗೆಗೆ ಒಂದು ಕೆಂಪು ದಾರ ಕಟ್ಟಿಕೊಟ್ಟೆ. ಕೆಂಪು ದಾರದ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, ಬೇರೆ ಯಾರು ಏನೇ ಹೇಳಿದರೂ. ಮನೆಯಲ್ಲಿ ಫ್ರಿಜ್ ಇಲ್ಲ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ, ಅದನ್ನು ಅವರು ಮೊದಲೇ ಮಾಡಿಕೊಂಡಿದ್ದರು. ಶಾಲೆಯ ಚೀಲದಲ್ಲಿ ಸಕ್ಕರೆಯ ಪೊಟ್ಟಣ: ಬೆವರು, ನಡುಕ, ಕಣ್ಣುಕತ್ತಲೆ ಬಂದರೆ ಮೂರು ಚಮಚ, ಹದಿನೈದು ನಿಮಿಷ ಕಾದು ಮತ್ತೆ ಪರೀಕ್ಷೆ. ಪ್ರತಿಯೊಂದನ್ನೂ ಅವರು ನನಗೆ ಮಾಡಿ ತೋರಿಸುವವರೆಗೆ ಮುಂದಿನದಕ್ಕೆ ಹೋಗಲಿಲ್ಲ.

ಅಂದಿನಿಂದ ನಾನು ಕೇಳುವ ರೀತಿಯೇ ಬದಲಾಗಿದೆ. ಥೈರಾಯ್ಡ್ ಮಾತ್ರೆ ತೆಗೆದುಕೊಂಡರೂ ಸುಸ್ತು ಹೋಗದ ಹೆಂಗಸೊಬ್ಬರಿಗೆ "ಮಾತ್ರೆ ಡಬ್ಬಿ ತೋರಿಸಿ" ಎಂದೆ. ಬೆಳಗಿನ ಖಾನೆಯಲ್ಲಿ ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಎಲ್ಲ ಒಟ್ಟಿಗೆ ಇದ್ದವು, ಚಹಾದ ಜೊತೆ ನುಂಗುತ್ತಿದ್ದರು. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರಿ ನೀರಿನಲ್ಲಿ ನುಂಗಬೇಕು. ಕಬ್ಬಿಣ, ಕ್ಯಾಲ್ಸಿಯಂ ನಾಲ್ಕು ಗಂಟೆ ದೂರವಿರಬೇಕು, ಇಲ್ಲದಿದ್ದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ರಕ್ತದೊತ್ತಡ ಕುಸಿದು ಬಂದ ಅಜ್ಜರೊಬ್ಬರು ಯಾವ ಔಷಧಿಯೂ ಇಲ್ಲ ಎಂದರು. ಅಂಗಿಯ ಜೇಬಿನಲ್ಲಿರುವುದನ್ನು ತೋರಿಸಿ ಎಂದಾಗ ಮಂಡಿನೋವಿನ ಬಿಳಿ ಗುಳಿಗೆಯ ಖಾಲಿ ಪಟ್ಟಿ ಹೊರಬಂತು. ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್, ನಾಲ್ಕು ದಿನದ ಹಿಂದೆ ಮುಗಿದಿತ್ತು. ಅಂಥವರಲ್ಲಿ ದೇಹಕ್ಕೆ ಬೇಕಾದ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಕೆಲಸ ಮರೆತು ಮಲಗಿರುತ್ತದೆ, ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯ. ವೈದ್ಯರು ಹೈಡ್ರೋಕಾರ್ಟಿಸೋನ್ ಕೊಟ್ಟ ಮೇಲೆ ಅವರು ಎದ್ದು ಕುಳಿತರು.

ಹುಡುಗಿ ತಿಂಗಳ ತಪಾಸಣೆಗೆ ಅಮ್ಮನ ಜೊತೆ ಬಂದಾಗ ಸಕ್ಕರೆ 158 ಇತ್ತು, ಮೈಯಲ್ಲಿ ಸ್ವಲ್ಪ ತೂಕ ಹತ್ತಿತ್ತು. ನಾನು ಕೇಳುವ ಮೊದಲೇ ಅಮ್ಮ ಚೀಲ ಬಿಚ್ಚಿದರು. ಊರಿನ ಅಂಗಡಿಯಲ್ಲಿ ಮತ್ತೆ ಕಿತ್ತಳೆ ಮುಚ್ಚಳದ್ದನ್ನೇ ಕೊಡಲು ಬಂದಿದ್ದರಂತೆ. "ಬೇಡ ಎಂದೆ ಸಿಸ್ಟರ್. ಬಸ್ಸಿಗೆ ಬಂದು ಇಲ್ಲಿಯೇ ತೆಗೆದುಕೊಂಡೆ, ಎರಡು ಪೊಟ್ಟಣ" ಎಂದು ಕೆಂಪು ಮುಚ್ಚಳಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಹಳೆಯ ಬಾಟಲಿ ಮುಗಿದಿತ್ತು. ಅದರ ಕುತ್ತಿಗೆಯ ಕೆಂಪು ದಾರವನ್ನು ಹುಡುಗಿ ಹಲ್ಲಿನಿಂದ ಬಿಡಿಸಿ, ಹೊಸ ಬಾಟಲಿಗೆ ಸುತ್ತಿ, ಎರಡು ಗಂಟು ಹಾಕಿ ಕಟ್ಟಿದಳು.